ಯುರೋಪಿಗೆ ಹೊರಡುವ ಬಂಧುಗಳಿಗೆ

ಕೊಯ್ಲು ಮುಗಿದು ಅಡಿಕೆಯೂ ವಖಾರಿ ಸೇರಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬೆಳೆಗಾರ ಬಂಧುಗಳಲ್ಲಿ ಕೆಲವರು ಯುರೋಪ್ ಪ್ರವಾಸಕ್ಕೆ ಹೊರಡುವುದು ಈಚೆಗೆ ವಾಡಿಕೆಯಾಗಿದೆ. ಹುಬ್ಬಳ್ಳಿಯ ಏಜೆಂಟರಲ್ಲಿ ಹಣ ಕಟ್ಟಿದರೆ ಆಯಿತು. ಪ್ಯಾರಿಸ್ಸಿನಲ್ಲಿ ಇಳಿದು, ಬಸ್ಸಿನಲ್ಲಿ ಬೆಲ್ಜಿಯಂ, ಜರ್ಮನಿ, ಸ್ವಿಟ್ಜರ್ಲೆಂಡ್ ಸುತ್ತಿ ಇಟಲಿಯಲ್ಲಿ ವಿಮಾನ ಹತ್ತುವ ತನಕ ಊಟ, ವಸತಿ ಎಲ್ಲವೂ ಅವರ ಹೊಣೆ. ಇದನ್ನು ದುಂದುಗಾರಿಕೆ ಎಂದು ಹಳಿಯುವವರ ಪಂಗಡಕ್ಕೆ ನಾವು ಸೇರಿಲ್ಲ. ಮೂವತ್ತು ಮಳೆಗಾಲ ಉಂಬಳ ಕಚ್ಚಿಸಿಕೊಂಡ ದಂಪತಿಗಳು ಒಮ್ಮೆ ಹಿಮ ನೋಡಿ ಬಂದರೆ ತಪ್ಪೇನು?

ನಮ್ಮ ತಕರಾರು ಬಸ್ಸು ನಿಲ್ಲದ ಊರುಗಳ ಬಗ್ಗೆ.

ಜರ್ಮನಿಯ ಕಲೋನ್‌ನಿಂದ ರೈನ್ ನದಿಯ ಗುಂಟ ದಕ್ಷಿಣಕ್ಕೆ ಸಾಗಿದರೆ ನೊಯ್‌ವೀಡ್ ಸಿಗುತ್ತದೆ. ಇಂದು ಆ ಪಟ್ಟಣದೊಳಗೆ ಸೇರಿಹೋಗಿರುವ ಹೆಡ್ಡೆಸ್‌ಡಾರ್ಫ್‌ನಲ್ಲಿ ಫ್ರೀಡ್ರಿಕ್ ರೈಫೈಸೆನ್ 1864ರಲ್ಲಿ ರೈತರ ಪತ್ತಿನ ಸಂಘ ಕಟ್ಟಿದರು. ಆ ಮಾದರಿಯನ್ನು ನೋಡಿಯೇ 1904ರಲ್ಲಿ ನಮ್ಮ ದೇಶದಲ್ಲಿ ಸಹಕಾರ ಕಾಯಿದೆ ಬಂತು. ಮರುವರ್ಷ ಸಿದ್ಧನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ತೆರೆದರು. 1997ರ ತನಕ ಧಾರವಾಡ ಜಿಲ್ಲೆಯಲ್ಲೇ ಇದ್ದ ಊರದು. ನಮ್ಮ ಸಂಘದ ಪಾಸ್‌ಬುಕ್ ಇಟ್ಟುಕೊಂಡವರು ಅಲ್ಲಿ ಅರ್ಧ ತಾಸು ಇಳಿಯಬಾರದೆ? ಬೋರ್ಡೋ ಪಟ್ಟಣಕ್ಕೂ ಹೋಗಿ ಎನ್ನುವ ಆಸೆ ನಮಗಿದೆ. ಕೊಳೆರೋಗಕ್ಕೆ ನಾವು ಹೊಡೆಯುವ ಮೈಲುತುತ್ತ-ಸುಣ್ಣ ಅಲ್ಲಿನ ದ್ರಾಕ್ಷಿ ತೋಟಗಳಿಂದ ಬಂದದ್ದು. ಆದರೆ ಅದು ಪ್ಯಾರಿಸ್ಸಿನಿಂದ ಬಹು ದೂರ, ಬಸ್ಸು ತಿರುಗಿಸಿ ಎನ್ನಲಾರೆವು.

ಟ್ರಿಯೆಸ್ಟೆಯ ಮಾತು ಬೇರೆ. ಎಲ್ಲ ಪ್ರವಾಸಗಳೂ ವೆನಿಸ್‌ನಲ್ಲಿ ದೋಣಿ ಹತ್ತಿಸುತ್ತವೆ. ಅಲ್ಲಿಂದ ಎರಡು ತಾಸಿನ ದಾರಿಯಲ್ಲಿರುವ ಈ ಬಂದರು 1719ರಲ್ಲಿ ಸುಂಕಮುಕ್ತವಾದಂದಿನಿಂದ ಬೆಳೆದು ಕಾಫಿ ವ್ಯಾಪಾರದ ದೊಡ್ಡ ಕೇಂದ್ರವಾಯಿತು. ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹೊರಕ್ಕೆ ಹೋಗುತ್ತದೆ, ವರ್ಷಗಳಿಂದ ಇಟಲಿಯೇ ಅದರ ದೊಡ್ಡ ಗಿರಾಕಿ. ಕಹಿಯೆಂದು ಮುಖ ಸಿಂಡರಿಸಿ ನಾವು ಬಿಟ್ಟೇಳುವ ಆ ಪುಟ್ಟ ಕಪ್ಪಿನ ನೊರೆಗೆ ರೊಬಸ್ಟಾ ಬೇಕು. ಕಪ್ಪಿಗೆ ಏಳು ಗ್ರಾಂ ಪುಡಿ. ಹುರಿದಾಗಿನ ತೂಕನಷ್ಟ ಕಳೆದರೂ ಒಂದು ಕಿಲೋ ಬೀಜಕ್ಕೆ ನೂರಕ್ಕೂ ಹೆಚ್ಚು ಕಪ್ಪು. ಕಪ್ಪಿನ ಬೆಲೆ ಒಂದು ಯೂರೋ ಮೇಲೆ. ಉಳಿದ ಲೆಕ್ಕ ಓದುಗರೇ ಹಾಕಿಕೊಳ್ಳಲಿ.

ಇದು ಬರೀ ಕುತೂಹಲದ ಮಾತಲ್ಲ. ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆಗೆ ಬಂದಿದೆ. ತೋಟ ಎಲ್ಲಿದೆಯೆಂದು ಅಕ್ಷಾಂಶ-ರೇಖಾಂಶ ಸಹಿತ ತೋರಿಸಬೇಕು. ನಾಲ್ಕು ಹೆಕ್ಟೇರ್ ಒಳಗಿದ್ದರೆ ಒಂದು ಬಿಂದು ಸಾಕು, ಮೀರಿದರೆ ಇಡೀ ಗಡಿರೇಖೆ. ಕಾನೂನಿನ ಹೊಣೆ ಆಮದುದಾರನದು. ಆದರೆ ಅವನು ರಫ್ತುದಾರನನ್ನು ಕೇಳುತ್ತಾನೆ, ರಫ್ತುದಾರ ಮಂಡಿಯವರನ್ನು, ಮಂಡಿಯವರು ಯಲ್ಲಾಪುರದಲ್ಲಿ ಅಡಿಕೆ ಮರದ ನಡುವೆ ಅರ್ಧ ಎಕರೆ ಕಾಫಿ ಹಾಕಿದವನನ್ನು. ಕಾಗದ ಇಲ್ಲದವನ ಮಾಲಿಗೆ ಮಂಡಿಯಲ್ಲಿ ಬೆಲೆ ಮುರಿಯುತ್ತಾರೆ. ಕಾಗದ ಮಾಡಿಕೊಟ್ಟವನಿಗೆ ಮೂಟೆಗೆ ಎಷ್ಟು ಹೆಚ್ಚು ಕೊಡುತ್ತೀರಿ? ಈ ಪ್ರಶ್ನೆಯನ್ನು ಹುರಿಯುವವನ ಎದುರು ಕುಳಿತು ಬೆಳೆಗಾರನೇ ಕೇಳಬೇಕು. ಅವನ ಊರಿನ ಹತ್ತಿರಕ್ಕೇ ನಾವು ನಮ್ಮ ಖರ್ಚಿನಲ್ಲಿ ಹೋಗಿ, ಗೊಂಡೊಲಾದ ಫೋಟೋ ತೆಗೆಸಿಕೊಂಡು ಮರಳುತ್ತಿದ್ದೇವೆ.

ಬರುವ ಬೇಸಗೆಗೆ ಹೊರಡುವವರು ಬಿಡಿಬಿಡಿಯಾಗಿ ಹಣ ಕಟ್ಟುವ ಮೊದಲು ಸಂಘದ ಕಚೇರಿಗೆ ಹೆಸರು ಕೊಡಲಿ. ಇಪ್ಪತ್ತು ಜನ ಒಟ್ಟಾಗಿ ಕೇಳಿದರೆ ಏಜೆಂಟರು ವೆನಿಸ್‌ಗೆ ಇನ್ನೊಂದು ದಿನ ಸೇರಿಸದೆ ಇರಲಾರರು. ಟ್ರಿಯೆಸ್ಟೆಯ ವ್ಯಾಪಾರಿಗಳಿಗೆ ಮುಂಚಿತವಾಗಿ ಪತ್ರ ಬರೆಯುವ ಕೆಲಸ ನಮ್ಮದು. ಸದಸ್ಯರು ತಮ್ಮ ತೋಟದ ಉತಾರದ ನಕಲು ಮತ್ತು ಸರ್ವೆ ನಂಬರನ್ನು ದೀಪಾವಳಿಯೊಳಗೆ ಕಚೇರಿಗೆ ಮುಟ್ಟಿಸಬೇಕು. ಪ್ರವಾಸಕ್ಕೆ ಹೋಗದವರೂ ಸಹ.