ನಿವೃತ್ತರಿಗೆ ಯಾವ ಮನೆ: ಇದ್ದದ್ದೋ, ಹಿರಿಯರಿಗೆಂದೇ ಕಟ್ಟಿದ್ದೋ?

ನಿವೃತ್ತಿಯ ನಂತರ ಇದ್ದ ಮನೆಯಲ್ಲೇ ಉಳಿಯಬೇಕೇ, ಅದನ್ನು ಮಾರಿಯೋ ಬಾಡಿಗೆಗೆ ಕೊಟ್ಟೋ ಹಿರಿಯರಿಗೆಂದೇ ಕಟ್ಟಿದ ವಸತಿ ಸಮುಚ್ಚಯ ಸೇರಬೇಕೇ ಎಂಬ ಚರ್ಚೆ ಕರ್ನಾಟಕದ ನಗರಗಳ ಮಧ್ಯಮವರ್ಗದ ಮನೆಗಳಲ್ಲಿ ಈಗ ಸಾಮಾನ್ಯ. ಒಂದು ಕಾಲಕ್ಕೆ ಪಿಂಚಣಿದಾರರ ಸ್ವರ್ಗ ಎನಿಸಿಕೊಂಡಿದ್ದ ಬೆಂಗಳೂರಿನಲ್ಲೇ ಈ ಚರ್ಚೆ ಹೆಚ್ಚು. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ದಾಟಿದವರು 10 ಕೋಟಿ ಮೀರಿದ್ದರು. ಇಲ್ಲಿ ಸಮುಚ್ಚಯ ಎಂದರೆ ದಿಕ್ಕಿಲ್ಲದವರಿಗಾಗಿ ನಡೆಯುವ ವೃದ್ಧಾಶ್ರಮವಲ್ಲ. ಹಣ ಕೊಟ್ಟು ಕೊಂಡ ಅಥವಾ ಠೇವಣಿ ಇಟ್ಟು ಪಡೆದ ಮನೆ, ಜೊತೆಗೆ ಊಟದ ಮನೆ, ಲಿಫ್ಟು, ನರ್ಸು, ಕಾವಲು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಪರ

ಸಮುಚ್ಚಯದ ಪರ ಇರುವವರ ಮೊದಲ ವಾದ ಇರುವ ಮನೆಯ ಕಟ್ಟಡದ್ದೇ. 30×40 ನಿವೇಶನದ ಮನೆಯನ್ನು ಕಟ್ಟಿಸುವಾಗ ಮಾಲೀಕರಿಗೆ ನಲವತ್ತರ ಆಸುಪಾಸು. ಮಂಡಿ ಗಟ್ಟಿ ಇರುತ್ತದೆ. ಕೆಳಗೆ ಬಾಡಿಗೆಯವರು, ಮೇಲೆ ತಾವು. ಡ್ಯೂಪ್ಲೆಕ್ಸ್ ಆದರೆ ಮಲಗುವ ಕೋಣೆ ಮಹಡಿಯಲ್ಲಿ. ಪ್ರತಿ ಸಲ ಡಾಂಬರು ಬಿದ್ದಾಗಲೂ ರಸ್ತೆಯ ಮಟ್ಟ ಏರಿ ಮಳೆನೀರು ಒಳಗೆ ನುಗ್ಗುತ್ತದೆಂದು ತಳಪಾಯವನ್ನೂ ಮುಂಚೆಯೇ ಎತ್ತರಿಸಿರುತ್ತಾರೆ. ಹೀಗಾಗಿ ಮುಂಬಾಗಿಲಿಗೆ ಮೂರು ಮೆಟ್ಟಿಲಾದರೂ ಇರುತ್ತವೆ. ಮೆಟ್ಟಿಲೊಂದಕ್ಕೆ 6 ಇಂಚಿನಂತೆ ಒಟ್ಟು ಒಂದೂವರೆ ಅಡಿ. ಗಾಲಿಕುರ್ಚಿ ಏರುವ ರ‍್ಯಾಂಪಿನ ಇಳಿಜಾರು 1:12 ಮೀರಬಾರದು ಎಂಬುದು ಒಪ್ಪಿತವಾದ ಅಳತೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಆ ಲೆಕ್ಕದಲ್ಲಿ ಮೂರೇ ಮೆಟ್ಟಿಲಿಗೆ 18 ಅಡಿ ಬೇಕು. 40 ಅಡಿಯ ನಿವೇಶನದಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಸ್ಕೂಟರ್ ನಿಲ್ಲಿಸುವುದೇ ಕಷ್ಟ. ಒತ್ತಾಯಕ್ಕೆ ಕಟ್ಟಿದ ಕಡಿದಾದ ರ‍್ಯಾಂಪು ಮೆಟ್ಟಿಲಿಗಿಂತ ಅಪಾಯಕಾರಿ. ಅದನ್ನು ಹತ್ತಿಸಲು ಒಬ್ಬರು ಹಿಂದಿನಿಂದ ತಳ್ಳಬೇಕು, ಇಳಿಸಲು ಇಬ್ಬರು ಹಿಡಿದುಕೊಳ್ಳಬೇಕು.

ಬಚ್ಚಲುಮನೆಯ ಕಥೆ ಇನ್ನೂ ಇಕ್ಕಟ್ಟಿನದು. ಅದರ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ, ಚೌಕಟ್ಟು ಕಳೆದರೆ ಇನ್ನೂ ಕಡಿಮೆ. ಗಾಲಿಕುರ್ಚಿಗೆ 900 ಮಿ.ಮೀ., ಅಂದರೆ ಹತ್ತಿರ ಹತ್ತಿರ ಮೂರಡಿ ತೆರಪು ಬೇಕು. ಒಳಗೆ ತಿರುಗಲು ಒಂದೂವರೆ ಮೀಟರ್ ಸುತ್ತಳತೆಯಲ್ಲ, ಅಷ್ಟು ವ್ಯಾಸದ ಜಾಗ ಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಇನ್ನೊಂದು ತೊಡಕು: ಒಳಗೆ ಜಾರಿ ಬಿದ್ದವರ ದೇಹವೇ ಅದಕ್ಕೆ ಅಡ್ಡವಾಗುತ್ತದೆ, ಹೊರಗಿನವರು ಎಷ್ಟು ತಳ್ಳಿದರೂ ಬಾಗಿಲು ಸರಿಯುವುದಿಲ್ಲ. ಹಿರಿಯರಿಗೆಂದು ಯೋಚಿಸಿ ಕಟ್ಟಿದ ಮನೆಯಲ್ಲಿ ಬಾಗಿಲು ಹೊರಕ್ಕೆ ತೆರೆಯುತ್ತದೆ ಅಥವಾ ಪಕ್ಕಕ್ಕೆ ಜಾರುತ್ತದೆ, ಚಿಲಕವನ್ನು ಹೊರಗಿನಿಂದಲೂ ಬಿಡಿಸಬಹುದು, ಕಮೋಡಿನ ಪಕ್ಕದಲ್ಲಿ ಎಳೆಯುವ ಗಂಟೆ ಇರುತ್ತದೆ. ಇವೆಲ್ಲ ನಕ್ಷೆಯ ಹಂತದಲ್ಲಿ ಸುಲಭ. ಕಟ್ಟಿಯಾದ ಮೇಲೆ ಗೋಡೆ ಒಡೆಯಬೇಕು.

ಕಟ್ಟಡದಷ್ಟೇ ಭಾರವಾದದ್ದು ಮನೆ ನಡೆಸುವ ಕೆಲಸ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಲು ಮೋಟರ್ ಹಾಕುವುದು, ಆರಿಸುವುದು, ಪ್ಲಂಬರನ ಹಿಂದೆ ಬೀಳುವುದು, ಕಂದಾಯ ಕಟ್ಟುವುದು, ಕೆಲಸದಾಕೆ ಬಾರದ ದಿನ ಪಾತ್ರೆ. ಮಕ್ಕಳು ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಇದ್ದರೆ ರಾತ್ರಿ ಎದೆನೋವು ಬಂದಾಗ ಗೇಟು ತೆಗೆಯುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ದಂಪತಿಯಲ್ಲಿ ಒಬ್ಬರೇ ಉಳಿದಾಗ ಇದು ಇನ್ನಷ್ಟು ಬಿಗಿಯಾಗುತ್ತದೆ. ಒಬ್ಬರಿಗಾಗಿ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ಬ್ರೆಡ್ಡು-ಬಿಸ್ಕತ್ತಿನಲ್ಲಿ ದಿನ ಕಳೆಯುವವರಿಗೆ ನಾಲ್ಕು ಜನರ ಜೊತೆ ಬಿಸಿ ಊಟ ಸಿಗುವುದು ಸಣ್ಣ ಅನುಕೂಲವಲ್ಲ. ಎಂಬತ್ತರಲ್ಲಿ ಮಕ್ಕಳು ಕರೆದೊಯ್ದು ಬಿಡುವುದಕ್ಕಿಂತ ಅರವತ್ತೈದರಲ್ಲಿ ತಾವೇ ನೋಡಿ, ಆರಿಸಿ, ಹೊಸ ಗೆಳೆತನ ಬೆಳೆಸಿಕೊಳ್ಳುವುದು ಮೇಲು ಎಂಬುದು ಈ ಪಕ್ಷದ ಅತ್ಯಂತ ಗಟ್ಟಿಯಾದ ಮಾತು. ಮಕ್ಕಳಿದ್ದೂ ಹೀಗೇಕೆ ಎಂದು ನೆಂಟರು ಆಡುವ ಮಾತಿಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಆಡಿದವರಾರೂ ರಾತ್ರಿ ಬಂದು ಗೇಟು ತೆಗೆಯುವುದಿಲ್ಲ.

ವಿರೋಧ

ಮನೆ ಬದಲಾಗದು ಎಂಬ ವಾದವನ್ನೇ ವಿರೋಧ ಪಕ್ಷ ಒಪ್ಪುವುದಿಲ್ಲ. ನಿವೃತ್ತರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಗಾಲಿಕುರ್ಚಿಯ ಮನೆಯಲ್ಲ, ಬೀಳದಂತೆ ನೋಡಿಕೊಳ್ಳುವ ಮನೆ. ಮಲಗುವ ಕೋಣೆಯನ್ನು ಕೆಳಗಿಳಿಸಿ ಮಹಡಿಯನ್ನು ಬಾಡಿಗೆಗೆ ಕೊಡುವುದು, ಬಚ್ಚಲಿನ ನುಣುಪು ಟೈಲ್ಸ್ ತೆಗೆದು ತರಿತರಿಯಾದದ್ದು ಹಾಕಿಸುವುದು, ಮೆಟ್ಟಿಲಿನ ಎರಡೂ ಬದಿ ಕೈಪಿಡಿ, ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ, ಕಮೋಡನ್ನು ಒಂದೂವರೆ ಅಡಿ ಎತ್ತರಕ್ಕೆ ಏರಿಸುವುದು: ಇವು ಮೇಸ್ತ್ರಿಗೆ ಕೆಲವೇ ದಿನದ ಕೆಲಸ. ಹಿಡಿದುಕೊಳ್ಳುವ ಸರಳನ್ನು ಮಾತ್ರ ಇಟ್ಟಿಗೆ ಗೋಡೆಗೆ ಆಳವಾಗಿ ಬಿಗಿಸಬೇಕು. ಟವೆಲ್ ಹಾಕುವ ಸರಳು ಮೈಭಾರ ತಾಳದು, ಆದರೆ ಜಾರುವ ಕೈ ಮೊದಲು ಹುಡುಕುವುದು ಅದನ್ನೇ. ಹೊಸ್ತಿಲಿನದು ಬೇರೆ ತಕರಾರು. ಅರಿಶಿನ-ಕುಂಕುಮ ಇಟ್ಟು ಪೂಜಿಸುವ ಹೊಸ್ತಿಲನ್ನು ಕಿತ್ತುಹಾಕಲು ಮನೆಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮುಂಬಾಗಿಲಿನದನ್ನು ಹಾಗೇ ಬಿಟ್ಟು ಎರಡೂ ಬದಿಗೆ ಮರದ ಇಳಿಜಾರು ತುಂಡು ಕೂರಿಸಿ, ಒಳಕೋಣೆಗಳ ಪಟ್ಟಿಯನ್ನಷ್ಟೇ ನೆಲಮಟ್ಟಕ್ಕೆ ತಂದರೆ ಮುಗಿಯಿತು.

ಎರಡನೆಯ ಆಕ್ಷೇಪ ಜಾಗದ್ದು. ಬೆಂಗಳೂರಿನ ಇಂಥ ಸಮುಚ್ಚಯಗಳಲ್ಲಿ ಅನೇಕವು ದೇವನಹಳ್ಳಿ, ಕನಕಪುರ ರಸ್ತೆಯಂಥ ಹೊರವಲಯದಲ್ಲಿವೆ, ಏಕೆಂದರೆ ಭೂಮಿ ಅಲ್ಲಿ ಅಗ್ಗ. ಮಲ್ಲೇಶ್ವರದಲ್ಲೋ ಧಾರವಾಡದ ಮಾಳಮಡ್ಡಿಯಲ್ಲೋ ಮೂವತ್ತು ವರ್ಷ ಇದ್ದವರಿಗೆ ಸಾಲ ಕೊಡುವ ಅಂಗಡಿ, ದೇಹದ ಇತಿಹಾಸ ಬಲ್ಲ ಡಾಕ್ಟರು, ಹೆಸರು ಹಿಡಿದು ಕರೆಯುವ ಹೂವಿನವಳು ನಡೆದು ಹೋಗುವಷ್ಟು ಹತ್ತಿರ ಇರುತ್ತಾರೆ. ಬರಿಯ ಹಿರಿಯರೇ ಇರುವ ಕಡೆ ಮಕ್ಕಳ ಗಲಾಟೆಯೂ ಇರುವುದಿಲ್ಲ. ಕೆಲವರಿಗೆ ಅದು ನೆಮ್ಮದಿ, ಹಲವರಿಗೆ ಶಿಕ್ಷೆ.

ಹಣದ ಲೆಕ್ಕ ಇನ್ನೂ ಸೂಕ್ಷ್ಮ. ಮನೆ ಕೊಂಡ ಮೇಲೂ ಊಟ, ನಿರ್ವಹಣೆ, ಶುಶ್ರೂಷೆಯ ಶುಲ್ಕ ತಿಂಗಳು ತಿಂಗಳು ಕಟ್ಟಬೇಕು. ಅದು ಏರುತ್ತಲೇ ಹೋಗುತ್ತದೆ. ಹಳೆಯ ಪದ್ಧತಿಯ ಸರ್ಕಾರಿ ಪಿಂಚಣಿಗೆ ತುಟ್ಟಿಭತ್ಯೆ ಇದೆ. ಖಾಸಗಿ ನೌಕರರ ಇಪಿಎಸ್-95 ಪಿಂಚಣಿಗೆ ಅದಿಲ್ಲ. 2006ರ ಏಪ್ರಿಲ್ ನಂತರ ಸೇರಿದ ರಾಜ್ಯ ನೌಕರರಿಗೆ ತಂದ ಎನ್‌ಪಿಎಸ್‌ನಲ್ಲೂ ವರ್ಷಾಶನ ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊಟ್ಟ ಹಣಕ್ಕೆ ಸೇವೆ ಸಿಗದಿದ್ದರೆ ಕಾನೂನಿನ ಆಸರೆಯೂ ತೆಳು. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ ಮುಖ್ಯವಾಗಿ ಕಟ್ಟಡದ ನಿರ್ಮಾಣ, ಹಸ್ತಾಂತರ ಮತ್ತು ದೋಷಗಳ ಹೊಣೆಯನ್ನು ನೋಡುತ್ತದೆ. ಹತ್ತು ವರ್ಷದ ನಂತರ ಸಾರು ನೀರಾದರೆ, ನರ್ಸು ಬರುವುದು ನಿಂತರೆ ಅದು ಒಪ್ಪಂದದ ಪ್ರಶ್ನೆ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು, ಆದರೆ ಮಾದರಿ ಎಂದರೆ ಮಾದರಿಯಷ್ಟೇ. ಕರಾರಿನಲ್ಲಿ ಓದಲೇಬೇಕಾದ ಸಾಲು ಇನ್ನೊಂದಿದೆ: ಸ್ವತಂತ್ರವಾಗಿ ಓಡಾಡುವವರಿಗೆ ಮಾತ್ರ ಎಂದಿರುವ ಕಡೆ ಮರೆವಿನ ಕಾಯಿಲೆ ಬಂದವರು, ಹಾಸಿಗೆ ಹಿಡಿದವರು ಮತ್ತೆ ಜಾಗ ಖಾಲಿ ಮಾಡಬೇಕಾಗಬಹುದು. ಯಾವ ಹೊತ್ತಿಗೆಂದು ಇಲ್ಲಿಗೆ ಬಂದರೋ ಆ ಹೊತ್ತಿಗೇ ಹೊರಗೆ.

ಹೊರಡುವ ಅವಸರದಲ್ಲಿ ಹಳೆಯ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರಿದ್ದಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವರು ಷರತ್ತು ಮುರಿದರೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸದಿದ್ದರೆ ಅದನ್ನು ಸಾಬೀತುಪಡಿಸಲು ಇಳಿವಯಸ್ಸಿನಲ್ಲಿ ಕಚೇರಿ ಅಲೆಯಬೇಕು.

ಮನೆ ಇದೆ, ಕೈಯಲ್ಲಿ ಕಾಸಿಲ್ಲ ಎನ್ನುವವರಿಗೆ 2007-08ರ ಬಜೆಟ್‌ನಲ್ಲಿ ಘೋಷಣೆಯಾದ ರಿವರ್ಸ್ ಮಾರ್ಟ್‌ಗೇಜ್ ಸಾಲವಿದೆ. 60 ದಾಟಿದವರು ಸ್ವಂತ ಮನೆಯನ್ನು ಅಡವಿಟ್ಟರೆ ಬ್ಯಾಂಕು ಕಂತಿನಲ್ಲಿ ಹಣ ಕೊಡುತ್ತದೆ, ಬದುಕಿರುವವರೆಗೆ ಅಲ್ಲೇ ಇರಬಹುದು, ಬರುವ ಹಣಕ್ಕೆ ಆದಾಯ ತೆರಿಗೆ ಇಲ್ಲ. ದಂಪತಿಯ ಕಾಲಾನಂತರ ವಾರಸುದಾರರು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು. ಬೇಡವೆಂದರೆ ಬ್ಯಾಂಕು ಮಾರಿ, ಬಾಕಿ ಕಳೆದು ಉಳಿದದ್ದನ್ನು ಅವರಿಗೇ ಕೊಡುತ್ತದೆ. ಇಷ್ಟಿದ್ದೂ ಇದನ್ನು ಪಡೆದವರು ವಿರಳ. ಮಕ್ಕಳಿಗೆಂದು ಕಟ್ಟಿಸಿದ ಮನೆಯ ಪತ್ರವನ್ನು ತಮ್ಮ ಔಷಧಿ ಖರ್ಚಿಗೆ ಅಡವಿಡಲು ತಂದೆ-ತಾಯಿಯ ಕೈ ಏಳುವುದಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನ ಊರಿಗೆ ಮರಳುವ ಮಾತನ್ನೇ ಬಿಟ್ಟಿರುತ್ತಾರೆ.