ಕಾಂಟಾದ ಮುದ್ರೆ

ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು, ಹೆಸರಿನ ಚೀಲ ತೂಗುವ ಕಾಂಟಾ ಎಲೆಕ್ಟ್ರಾನಿಕ್ ಆದರೇನು, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇಲ್ಲದೆ ಅದರ ಅಂಕಿಗೆ ಬೆಲೆಯಿಲ್ಲ. ಕಾಗದದ ಮೇಲಿದ್ದ ಮನಶ್ಶಾಸ್ತ್ರೀಯ ಪರೀಕ್ಷೆ ಪರದೆಗೆ ಬಂದಾಗಲೂ ಅಂಥದೊಂದು ತಪಾಸಣೆ ಬೇಕೆಂಬುದು ನನ್ನ ವಾದ. ಪ್ರಶ್ನೆಗಳು ಅವೇ ಇವೆ, ಆದ್ದರಿಂದ ಪರೀಕ್ಷೆಯೂ ಅದೇ ಎಂದು ನಂಬಿಬಿಡುವುದು ಸುಲಭ.

1993ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೀಡ್ ಮತ್ತು ಡ್ರಾಸ್ಗೋ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಯೋಚಿಸಿ ಉತ್ತರಿಸುವ ಸಾಮರ್ಥ್ಯ ಪರೀಕ್ಷೆಗಳಲ್ಲಿ ಕಾಗದದ ಅಂಕಕ್ಕೂ ಕಂಪ್ಯೂಟರಿನ ಅಂಕಕ್ಕೂ ಸಹಸಂಬಂಧ 0.97, ಹೆಚ್ಚುಕಡಿಮೆ ಪೂರ್ಣ ಹೊಂದಿಕೆ. ವೇಗವನ್ನೇ ಅಳೆಯುವ ಪರೀಕ್ಷೆಗಳಲ್ಲಿ ಅದು 0.72ಕ್ಕೆ ಇಳಿಯಿತು. ಪೆನ್ಸಿಲಿನಿಂದ ಗೀಟು ಹಾಕುವುದು ಒಂದು ಕೆಲಸ, ಕೀಲಿ ಒತ್ತುವುದು ಇನ್ನೊಂದು. ಸೆಕೆಂಡುಗಳ ಲೆಕ್ಕ ಬಂದರೆ ಕೈಯ ರೂಢಿಯೂ ಅಂಕದೊಳಗೆ ಸೇರಿಕೊಳ್ಳುತ್ತದೆ.

ದಿನವಿಡೀ ಚೀಲ ಹೊತ್ತರೂ ಎಣಿಕೆ ತಪ್ಪದ ಗಂಜಿನ ಹಮಾಲನ ಮುಂದೆ ಟ್ಯಾಬ್ಲೆಟ್ ಇಟ್ಟು ಗಡಿಯಾರ ಓಡಿಸಿದರೆ, ಬರುವ ಅಂಕ ಅವನ ಚುರುಕಿನದ್ದೋ, ಪರದೆಯ ಅಪರಿಚಯದ್ದೋ? ಹಾಗೆಂದು ಕಾಗದವೂ ಅವನಿಗೆ ನ್ಯಾಯ ಕೊಡದು. ಪೆನ್ಸಿಲ್ ಹಿಡಿದು ರೂಢಿಯಿಲ್ಲದ ಕೈಗೆ ಅದೂ ಹೊರಗಿನದೇ. ಸಿ. ಎಂ. ಭಾಟಿಯಾ 1955ರಲ್ಲಿ ಬಣ್ಣದ ಘನಗಳನ್ನು ಜೋಡಿಸುವಂಥ ಕ್ರಿಯಾ ಪರೀಕ್ಷೆಗಳನ್ನು ರೂಪಿಸಿದ್ದು ಅಕ್ಷರ ಬಾರದವರನ್ನೂ ನೆನೆದು.

ಆದರೂ ಒಂದು ಕಡೆ ನಾನು ಯಂತ್ರದ ಪಕ್ಷ. ಖಿನ್ನತೆಯನ್ನು ಗುರುತಿಸುವ ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯನ್ನು ಕುರಿತದ್ದು. ಓದಲು ಬಾರದ ಸೊಸೆಗೆ ಅದನ್ನು ಯಾರು ಓದಿ ಹೇಳಬೇಕು? ಪಕ್ಕದಲ್ಲಿ ಕುಳಿತ ಅತ್ತೆಯೆದುರು ಅವಳು ಹೌದೆಂದಾಳೆ? ಕಿವಿಗೆ ಹೆಡ್‌ಫೋನ್ ಇಟ್ಟು, ಬೀದರಿನ ಮನೆಗಳಲ್ಲಿ ಆಡುವ ಕನ್ನಡ, ಮರಾಠಿ, ಉರ್ದುವಿನಲ್ಲಿ ಪ್ರಶ್ನೆ ಕೇಳಿಸಿದರೆ ಬೆರಳೊಂದೇ ಮಾತಾಡಿದರೆ ಸಾಕು. ಆ ಉತ್ತರ ಬಿದ್ದ ಕ್ಷಣವೇ ವೈದ್ಯರನ್ನು ಎಚ್ಚರಿಸುವಂತೆಯೂ ಮಾಡಬಹುದು. ಕಾಗದವಾದರೆ ಯಾರಾದರೂ ಓದುವವರೆಗೆ ಕಡತದಲ್ಲಿ ಸುಮ್ಮನಿರುತ್ತದೆ. ಆದರೆ ಎಚ್ಚರಿಕೆ ಬಂದಾಗ ಎದ್ದು ಬಂದು ಅವಳ ಬಳಿ ಕೂರಲು ಒಬ್ಬರು ಇರಲೇಬೇಕು.

ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಬುದ್ಧಿಮಾಪನವನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸುವಾಗ ಅನುವಾದಕ್ಕೇ ನಿಲ್ಲಲಿಲ್ಲ. ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ಮಾನದಂಡ ಕಟ್ಟಿದರು. ಭಾಷೆ ಬದಲಾದಾಗ ಪಟ್ಟ ಆ ಶ್ರಮವನ್ನು ಸಾಧನ ಬದಲಾದಾಗಲೂ ಪಡಬೇಕು. ಬೌದ್ಧಿಕ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬುದ್ಧ್ಯಂಕವೂ ಒಂದು ಆಧಾರ. ಗಡಿಯೆನಿಸಿದ 70ರ ಆಸುಪಾಸಿನಲ್ಲಿ ನಿಂತ ಔರಾದಿನ ಮಗುವಿಗೆ ಎರಡು ಅಂಕದ ಏರುಪೇರು ಎಂದರೆ ಮಾಸಾಶನ ಸಿಗುವುದು ಇಲ್ಲವೇ ತಪ್ಪಿಹೋಗುವುದು.