ಹಗ್ಗ ಬಿಚ್ಚಿದರೂ ಕರಡಿ ತೂಗುವುದೇಕೆ?

ಮಕ್ಕಳೇ, ಸವಳಂಗದ ಸುತ್ತಮುತ್ತ ಮೆಕ್ಕೆಜೋಳದ ಹೊಲಕ್ಕೆ ಹಾಕಿದ ಸೋಲಾರ್ ಬೇಲಿಯನ್ನು ನೀವು ನೋಡಿರಬಹುದು. ತಂತಿಗೆ ಮೂತಿ ತಾಗಿಸಿ ಒಂದೆರಡು ಸಲ ಬೆಚ್ಚಿಬಿದ್ದ ದನ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಬ್ಯಾಟರಿ ಕೆಟ್ಟರೂ ಬಹಳ ದಿನ ದೂರವೇ ಇರುತ್ತದೆ. ಮುಟ್ಟಿ ನೋಡಿದರೆ ತಾನೇ ಕರೆಂಟ್ ಇಲ್ಲವೆಂದು ತಿಳಿಯುವುದು? ಇದಕ್ಕೆ ‘ತಪ್ಪಿಸಿಕೊಳ್ಳುವ ಕಲಿಕೆ’ ಎನ್ನಬಹುದು.

1953ರಲ್ಲಿ ಅಮೆರಿಕದ ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು ನಾಯಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಪೆಟ್ಟಿಗೆಯ ನಡುವೆ ಒಂದು ಅಡ್ಡಗೋಡೆ. ದೀಪ ಆರಿದ 10 ಸೆಕೆಂಡಿಗೆ ನೆಲದಿಂದ ಷಾಕ್. ನಾಯಿಗಳು ಬೇಗನೆ ಆಚೆ ಜಿಗಿಯಲು ಕಲಿತವು. ಆಮೇಲೆ ಷಾಕ್ ನಿಲ್ಲಿಸಿದರೂ ಕೆಲವು ನಾಯಿಗಳು ನೂರಾರು ಬಾರಿ ಜಿಗಿಯುತ್ತಲೇ ಇದ್ದವು! ಇಂಥ ಕ್ರೂರ ಪ್ರಯೋಗ ನನಗೆ ಇಷ್ಟವಿಲ್ಲ. ಆದರೆ ಅದು ತಿಳಿಸಿದ ಸಂಗತಿ ದೊಡ್ಡದು. ತಪ್ಪಿಸಿಕೊಳ್ಳುತ್ತಲೇ ಇರುವ ಪ್ರಾಣಿಗೆ ಅಪಾಯ ಮುಗಿದಿದೆ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ದಿನಗಳೆದಂತೆ ಅದು ಅಭ್ಯಾಸವಾಗಿ, ಕೆಲವೊಮ್ಮೆ ಗೀಳೇ ಆಗಿಬಿಡುತ್ತದೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಹಿಂದೆ ಊರೂರಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ನಿಮ್ಮ ಅಜ್ಜಿಯನ್ನು ಕೇಳಿ, ಹೇಳುತ್ತಾರೆ. ಮರಿಯಿದ್ದಾಗಲೇ ಅದರ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುತ್ತಿದ್ದರು. ಹಗ್ಗ ಎಳೆದರೆ ನೋವು. ಎದ್ದು ಕುಣಿದರೆ ನೋವು ಕಡಿಮೆ. ನಾವು ಕುಣಿತವೆಂದು ಚಪ್ಪಾಳೆ ತಟ್ಟಿದ್ದು ಅದನ್ನೇ. ಇಂಥ ಕರಡಿಗಳನ್ನು ಬಿಡಿಸಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೆ ತಂದರು. 2009ರಲ್ಲಿ ಅಲ್ಲಿಗೆ ಬಂದ ರಾಜು ಎಂಬ ಕರಡಿಯನ್ನು ದೇಶದ ಕೊನೆಯ ಕುಣಿಯುವ ಕರಡಿ ಎಂದು ಆಗ ಕರೆದರು. ಹಗ್ಗ ಬಿಚ್ಚಿದ ಮೇಲೂ ಇಂಥ ಕರಡಿಗಳಲ್ಲಿ ಕೆಲವು ನಿಂತಲ್ಲೇ ತಲೆ ತೂಗುತ್ತವೆ, ಒಂದೇ ಜಾಡಿನಲ್ಲಿ ಅತ್ತಿತ್ತ ನಡೆಯುತ್ತವೆ.

ಇದಕ್ಕೆ ಭಯವೊಂದೇ ಕಾರಣವಲ್ಲ. ಕಿರಿದಾದ ಜಾಗ, ಮಾಡಲು ಕೆಲಸವಿಲ್ಲದ ಬೇಸರವೂ ಕಾರಣ. ಆದರೆ ಅದನ್ನು ‘ಹುಚ್ಚು’ ಎಂದು ನಗುವುದು, ಕಲ್ಲೆಸೆಯುವುದು ಖಂಡಿತ ತಪ್ಪು ಎಂಬುದು ನನ್ನ ಅಭಿಪ್ರಾಯ. ಕಲ್ಲು ಬಿದ್ದರೆ ಹಳೆಯ ಭಯವೇ ನಿಜವೆಂದು ಅದು ಮತ್ತೆ ಕಲಿಯುತ್ತದೆ. ಸರಪಳಿಯಲ್ಲೇ ಬೆಳೆದು, ಕೋಲು ಕಂಡರೆ ಸುತ್ತು ಹೊಡೆಯುವ ಮನೆಯ ನಾಯಿಗೂ ಈ ಮಾತು ಸಲ್ಲುತ್ತದೆ.

ರಕ್ಷಣಾ ಕೇಂದ್ರದಲ್ಲಿ ಜೇನು, ಹಣ್ಣುಗಳನ್ನು ಮರದ ದಿಮ್ಮಿಗಳಲ್ಲಿ ಅಡಗಿಸಿಡುತ್ತಾರೆ. ಹುಡುಕುವ ಕೆಲಸ ಸಿಕ್ಕಾಗ ತೂಗಾಟ ಕಡಿಮೆಯಾಗಬಹುದು. ಪ್ರವಾಸಕ್ಕೆ ತ್ಯಾವರೆಕೊಪ್ಪಕ್ಕೆ ಹೋದಾಗ ಅತ್ತಿತ್ತ ನಡೆಯುವ ಪ್ರಾಣಿ ಕಂಡರೆ, ದೂರದಲ್ಲೇ ನಿಂತು ಹತ್ತು ನಿಮಿಷ ನೋಡಿ. ಎಷ್ಟು ಸುತ್ತು ಹಾಕಿತು, ಯಾವಾಗ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ಟೀಚರ್‌ಗೆ ತೋರಿಸಿ.